ಐದು ಗಂಟೆಯ ನಂತರ

ಹಡಗು ದಡಕ್ಕೆ ಬರಲಿಲ್ಲ. ಕೊಲ್ಲಿಯ ನಡುವೆ
ಲಂಗರು ಇಳಿಸಿ ನಿಂತಿತು,
ಊರಿನ ಎಲ್ಲ ಮನೆಗಳಿಗಿಂತ ಎತ್ತರ.
ನಮ್ಮನ್ನು ಕಿತ್ತಳೆ ದೋಣಿಗಳಲ್ಲಿ ತುಂಬಿ
ಎದೆಗೊಂದು ಅಂಟುಚೀಟಿ ಹಚ್ಚಿ ಕಳಿಸಿದರು.
ನನ್ನದು ಹದಿನಾಲ್ಕು.
ಹದಿನಾಲ್ಕೆಂದರೆ ಜಲಪಾತ, ಬೆಣ್ಣೆಹಣ್ಣಿನ ತೋಟ, ಊಟ ಸೇರಿ.
ಹದಿನಾಲ್ಕರ ಬಸ್ಸು ನನ್ನ ಮಂಡಿಗಾಗಿ ಕಾಯಲಿಲ್ಲ.

ಹಾಗಾಗಿ ಪ್ವೆರ್ತೊ ಲಾ ಮೆರ್ಸೆದ್‌ನಲ್ಲಿ
ನನ್ನ ಪಾಲಿಗೆ ಬಂದದ್ದು ಎರಡು ಬೀದಿ, ಒಂದು ಚರ್ಚು,
ಒಂದೇ ಥರದ ಟೋಪಿ ಮಾರುವ ಹನ್ನೊಂದು ಅಂಗಡಿ,
ನಿಂಬೆರಸ, ಲೋಟದ ತುಂಬ ಐಸು,
ಮತ್ತೆ, ಟೋಪಿಗಳು ಮುಗಿಯುವ ತಿರುವಿನಲ್ಲಿ
ಎಲಿಹಿಯೊ ಬರ್ರಾಗಾನನ ಕ್ಷೌರದಂಗಡಿ.

ಕುರ್ಚಿ ಹಳೆಯದು, ಒರಗಿದರೆ ಮುಲುಗುತ್ತದೆ.
ಗೋಡೆಯ ಕ್ಯಾಲೆಂಡರಿನಲ್ಲಿ ಕೆಲವು ದಿನಗಳಿಗೆ
ಕೆಂಪು ಶಾಯಿಯ ಪುಟ್ಟ ಹಡಗು.
ಹಬ್ಬವೇ, ಎಂದೆ.
ಅಲ್ಲ, ನೀವು, ಎಂದ.
ಅಂದು ಶಾಲೆ ಬೇಗ ಬಿಡುತ್ತದೆ,
ಮಕ್ಕಳು ಕವಡೆಸರ ಹಿಡಿದು ಓಡಬೇಕಲ್ಲ.
ನಾಯಿಗಳನ್ನು ಹಿತ್ತಲಲ್ಲಿ ಕಟ್ಟಬೇಕು.

ನೊರೆ ಹಚ್ಚುತ್ತ ಹೇಳಿದ:
ನಾಲ್ಕು ವರ್ಷ ನಾನೂ ಹಡಗಿನಲ್ಲಿದ್ದೆ,
ಕೆಳಗೆ, ನೀರಿಗಿಂತಲೂ ಕೆಳಗೆ, ದೋಬಿಖಾನೆಯಲ್ಲಿ.
ಅರವತ್ತು ಊರಿಗೆ ಹೋಗಿದ್ದೇನೆ,
ಒಂದನ್ನೂ ನೋಡಿಲ್ಲ.
ಟವೆಲು ಮೂಸಿದರೆ ಸಾಕು, ಗೊತ್ತಾಗುತ್ತಿತ್ತು
ಅವತ್ತಿನ ದಡ ಮರಳೋ ಕೆಸರೋ ಎಂದು.

ಬಲಗೆನ್ನೆ ಮುಗಿದಿತ್ತು. ಯಾರೋ ಬಂದು ಬಾಗಿಲಲ್ಲಿ ನಿಂತ.
ಕಪ್ಪು ಅಂಗಿ, ಇಸ್ತ್ರಿಯ ಗೆರೆ ಇನ್ನೂ ಬಿಸಿ.
ಎಷ್ಟು ಹೊತ್ತಿಗೆ ಎಂದು ಕೇಳಿದನೆಂದು ಕಾಣುತ್ತದೆ.
ಎಲಿಹಿಯೊ ಕತ್ತಿ ಎತ್ತಿ
ಕಿಟಕಿಯಾಚೆ ನಿಂತ ನಮ್ಮ ಹಡಗನ್ನು ತೋರಿಸಿದ.

ನನ್ನ ದವಡೆ ಅವನ ಅಂಗೈಯಲ್ಲಿತ್ತು. ಆದರೂ ಕೇಳಿದೆ.

ದೊನ್ಯಾ ಎರ್ಮಿನಿಯಾ. ಎಂಬತ್ತೊಂಬತ್ತು. ಮೊನ್ನೆ ರಾತ್ರಿ ಹೋದಳು.
ಜೋಲಿ ಹೆಣೆಯುತ್ತಿದ್ದವಳು.
ಅರ್ಧ ಊರು ಅವಳ ಗಂಟುಗಳ ಮೇಲೆ ನಿದ್ದೆ ಕಲಿತದ್ದು.
ಚರ್ಚಿನಿಂದ ಸ್ಮಶಾನಕ್ಕೆ ಇರುವುದು ಒಂದೇ ದಾರಿ,
ಧಕ್ಕೆಯ ಮುಂದೆ. ಅಲ್ಲಿ ನಿಮ್ಮ ಬಸ್ಸುಗಳು.
ಯಾರೂ ಬೇಡವೆಂದಿಲ್ಲ, ಎಲ್ಲೂ ಬರೆದೂ ಇಲ್ಲ,
ಆದರೆ ರಜೆಗೆ ಬಂದವರ ಎದುರು ಹೆಣ ಒಯ್ಯುವುದು
ಚೆನ್ನಾಗಿರುವುದಿಲ್ಲ, ಅಲ್ಲವೇ.
ಐದಕ್ಕೆ ನೀವು. ಐದೂವರೆಗೆ ಅವಳು.

ಈ ಸೆಕೆಯಲ್ಲಿ? ಎಂದೆ.
ಐಸ್ ಇದೆ, ಎಂದ. ಮೀನುಗಾರರ ಸಂಘದ ಕಾರ್ಖಾನೆ.
ಇಡೀ ಊರಿಗೆ ಒಂದೇ.

ನಾಲಿಗೆಯ ಮೇಲೆ ನಿಂಬೆ ಇನ್ನೂ ಇತ್ತು.

ದುಡ್ಡು ತೆಗೆದುಕೊಂಡ, ಹಡಗಿನ ದಿನದ ದರ, ಕಾಸೂ ಬಿಡದೆ.
ನನಗೆ ಬರುವ ಅವರ ಭಾಷೆಯ ಆರು ಮಾತಿನಲ್ಲಿ
ಆ ಹೊತ್ತಿಗೆ ಹೊಂದುವುದೊಂದೂ ಇರಲಿಲ್ಲ.
ಅವನೇ ನನ್ನ ಎದೆಯ ಹದಿನಾಲ್ಕನ್ನು ಕಿತ್ತು
ಕನ್ನಡಿಯ ಅಂಚಿಗೆ ಅಂಟಿಸಿದ.
ಅಲ್ಲಿ ಮೂರು ಇತ್ತು, ಇಪ್ಪತ್ತೆರಡು ಇತ್ತು, ಎರಡು ಒಂಬತ್ತು.

ಹಡಗು ಐದಕ್ಕೆ ಹೊರಡಲಿಲ್ಲ.
ಯಾರೋ ದಂಪತಿ ಕೊನೆಯ ದೋಣಿ ತಪ್ಪಿಸಿಕೊಂಡಿದ್ದರು.
ಆರನೆಯ ಅಂತಸ್ತಿನ ಕಟಕಟೆ ಹಿಡಿದು ನಿಂತೆ,
ಬೆನ್ನ ಹಿಂದೆ ಈಜುಕೊಳ, ಬಿಂಗೋ ಅಂಕಿ ಕೂಗುವ ಹುಡುಗಿ.
ಐದೂಕಾಲು. ಟೋಪಿಯಂಗಡಿಗಳು ಮುಚ್ಚಿದವು.
ಐದೂವರೆ. ನಾವು ಇನ್ನೂ ಅಲ್ಲೇ.

ಅವರು ಕಾಯಲಿಲ್ಲ.
ಚರ್ಚಿನ ಮಗ್ಗುಲಿಂದ ಒಂದು ಕಪ್ಪು ಎಳೆ
ಊರನ್ನು ಯಾರೋ ಒಳಗಿಂದ ಬಿಚ್ಚುತ್ತಿರುವ ಹಾಗೆ
ಹೊರಬಂತು, ಧಕ್ಕೆಯ ಮುಂದೆ ಬಂತು,
ಬಿಚ್ಚಿಬಿಟ್ಟ ನಾಯಿಗಳೂ ಜೊತೆಗೆ.

ಓ ಮೆರವಣಿಗೆ, ಎಂದಳು ಪಕ್ಕದವಳು, ಕೈ ಬೀಸಿದಳು.
ಅಷ್ಟರಲ್ಲಿ ನಮ್ಮ ಕೊಂಬು ಮೂರು ಸಲ ಮೊಳಗಿತು,
ತಡವಾದ ದಂಪತಿಗಾಗಿ.
ಎಳೆ ನಿಲ್ಲಲಿಲ್ಲ.

ಗದ್ದ ಸವರಿಕೊಂಡೆ.
ಎಡದವಡೆಯ ಕೆಳಗೆ ಒಂದಿಷ್ಟು ಗಡ್ಡ ಹಾಗೇ ಉಳಿದಿತ್ತು,
ನಾನು ಪ್ರಶ್ನೆ ಕೇಳಿದ ಜಾಗದಲ್ಲಿ.